ಮೂರಂಕಣದ ತಿಪ್ಪೆ

ಹೋದ ವಾರ ಡಲ್ಲಾಸ್‌ನಿಂದ ನಾಲ್ಕು ಗಂಟೆ ದಾರಿಯ ಸ್ಟಾಫರ್ಡ್‌ನಲ್ಲಿ ತಂಗಿಯ ಮಗಳ ಮನೆಯಲ್ಲಿದ್ದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿಂದಿನ ಬಾಗಿಲು ತೆಗೆದರೆ ಪಕ್ಕದ ಮನೆಯವರು ಹಳೇ ಬೇಲಿ ಕೀಳಿಸುತ್ತಿದ್ದರು. ಗರಗಸ ಓಡುತ್ತಿತ್ತು. ಸೀಡರ್ ಮರದ ಹುಡಿ ಗಾಳಿಯಲ್ಲಿ ತೇಲಿಬಂತು. ಪೆನ್ಸಿಲ್ ಕೆತ್ತಿದಾಗ ಬರುತ್ತದಲ್ಲ, ಅದೇ ವಾಸನೆ, ಅದರ ಹತ್ತರಷ್ಟು. ಡಲ್ಲಾಸ್ ಕಡೆ ಮಗಳ ಮನೆಯಲ್ಲಿ ಮೊದಲ ಸಲ ಆರು ತಿಂಗಳು ಇದ್ದಾಗ ಆ ಬೇಸಿಗೆಯೆಲ್ಲ ನನ್ನ ಸೀರೆಗೆ ಇದೇ ವಾಸನೆ ಮೆತ್ತಿಕೊಂಡಿತ್ತು. ತಂಗಿಯ ಮಗಳಿಗೆ ಆ ಕಥೆ ಹೇಳಿದೆ. ಬರೆದಿಡಿ ದೊಡ್ಡಮ್ಮ ಎಂದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಬರುತ್ತದೆ, ಒತ್ತು ಕೈಕೊಡುತ್ತದೆ. ಒತ್ತುಗಳನ್ನು ಅವಳು ತಿದ್ದಿದ್ದಾಳೆ, ಮಿಕ್ಕಿದ್ದು ನನ್ನದು.

ನನ್ನ ಹೆಸರು ತಿಪ್ಪಮ್ಮ. ಚಳ್ಳಕೆರೆ ಕಡೆಯವಳು. ನನಗಿಂತ ಮುಂಚೆ ಹುಟ್ಟಿದ ಎರಡು ಕೂಸು ಉಳಿಯಲಿಲ್ಲವಂತೆ. ಮೂರನೆಯದಾದರೂ ಉಳಿಯಲಿ ಎಂದು ನನ್ನನ್ನು ತಿಪ್ಪೆಯ ಮೇಲೆ ಉರುಳಿಸಿ ಈ ಹೆಸರಿಟ್ಟರು. ಉಳಿದೆ. ಹೆಸರು ಕೇಳಿ ನಗುವವರಿದ್ದಾರೆ, ನಗಲಿ.

ಮಗಳು ಸುಜಾತ, ಅಳಿಯ ಮುರಳಿ. ಡಲ್ಲಾಸ್ ಪಕ್ಕದ ಊರು ಫಾರ್ಮರ್ಸ್ ಬ್ರಾಂಚ್‌ನಲ್ಲಿ ಅವರದು ಹಳೆಯ ಇಟ್ಟಿಗೆ ಮನೆ, ಹಿಂದೆ ದೊಡ್ಡ ಹಿತ್ತಲು. ಮುರಳಿಯ ತಂದೆ ನಾಗೇಂದ್ರಪ್ಪನವರು, ಅಂದರೆ ನನ್ನ ಬೀಗರು, ಅವರ ಜೊತೆಗೇ ಇದ್ದಾರೆ. ರಸ್ತೆ, ಸೇತುವೆ ಕಟ್ಟಿಸುವ ಸರ್ಕಾರಿ ಇಂಜಿನಿಯರಾಗಿದ್ದು ರಿಟೈರ್ ಆದವರು. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಬೆಳಿಗ್ಗೆ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡು ಸೋಫಾದ ಒಂದು ತುದಿಯಲ್ಲಿ ಕೂತರೆ ಊಟಕ್ಕೆ ಏಳುತ್ತಿದ್ದರು. ಸಂಜೆ ಒಂದು ಕೆಲಸ ಇತ್ತು, ಮನೆಯ ಪಾಯಕ್ಕೆ ನೀರು ಬಿಡುವುದು. ಅಲ್ಲಿ ಮಳೆ ಹೋದರೆ ನೆಲ ಕುಗ್ಗಿ ಗೋಡೆ ಬಿರಿಯುತ್ತದಂತೆ, ಅದಕ್ಕೆ ಮನೆಯ ಸುತ್ತ ಪೈಪಿನಲ್ಲಿ ನೀರುಣಿಸುತ್ತಾರೆ. ಗಿಡಕ್ಕೆ ನೀರಿಲ್ಲ, ಗೋಡೆಗೆ ನೀರು. ಮೊದಲ ದಿನ ನೋಡಿ ನಾನು ನಕ್ಕಿದ್ದಕ್ಕೆ ಬೀಗರಿಗೆ ಬೇಜಾರಾಗಿತ್ತು.

ನಾನು ಹೋದದ್ದು ಮಾರ್ಚ್ ಕೊನೆಗೆ. ನಾಲ್ಕನೇ ದಿನಕ್ಕೆ ನನಗೆ ಅಲ್ಲಿ ಕೆಲಸವಿಲ್ಲ ಎಂದು ಗೊತ್ತಾಯಿತು. ಪಾತ್ರೆಗೆ ಮಿಷಿನ್ನು, ಬಟ್ಟೆಗೆ ಮಿಷಿನ್ನು, ನೆಲ ಗುಡಿಸುವುದಕ್ಕೆ ತಟ್ಟೆಯಂಥದ್ದೊಂದು ತಾನೇ ಓಡಾಡುತ್ತದೆ. ಮೊಮ್ಮಗಳು ಆಸ್ಟಿನ್‌ನಲ್ಲಿ ಕಾಲೇಜು. ಮಗಳು ಅಳಿಯ ಕಂಪ್ಯೂಟರ್ ಮುಂದೆ. ಸೋಫಾದ ಇನ್ನೊಂದು ತುದಿ ನನಗೆ ಎಂದು ಖಾಲಿ ಇಟ್ಟಿದ್ದರು. ಕೂತು ನೋಡಿದೆ. ಸೊಂಟ ಹಿಡಿಯಿತು.

ಹಿತ್ತಲಿಗೆ ಇಳಿದು ಒಂದು ಹೆಂಟೆ ಒಡೆದು ನೋಡಿದರೆ ಎರೆ ಮಣ್ಣು. ನಮ್ಮೂರ ಕರಿ ಎರೆಯೇ. ನೆನೆದರೆ ಅಂಟು, ಒಣಗಿದರೆ ಕಲ್ಲು. ಇದಕ್ಕೆ ಗೊಬ್ಬರ ಬಿದ್ದರೆ ಏನು ಬೇಕಾದರೂ ಬೆಳೆಯುತ್ತದೆ ಎಂದು ಮಗಳಿಗೆ ಹೇಳಿದೆ. ಅವಳು ಎರಡು ವರ್ಷ ಟೊಮ್ಯಾಟೊ ಹಾಕಿ ಎರಡು ಸಲವೂ ಒಣಗಿಸಿಕೊಂಡಿದ್ದಳು. ಮಳೆ ಬಂದರೆ ಮನೆಯೊಳಗೆಲ್ಲ ಕೆಸರು. ಅವಳಿಗೂ ಸಾಕಾಗಿತ್ತು. ಹಿತ್ತಲು ಪೂರ್ತಿ ಕಾಂಕ್ರೀಟ್ ಹಾಕಿಸಿ ಕುರ್ಚಿ, ಒಲೆ ಇಡಿಸಬೇಕೆಂದು ಗೊತ್ತುಮಾಡಿ ಆಗಿದೆ ಎಂದಳು. ಅಕ್ಟೋಬರ್‌ನಲ್ಲಿ ಜನ ಬರುತ್ತಾರೆ. ನನ್ನ ವಾಪಸ್ ಟಿಕೆಟ್ ಸೆಪ್ಟೆಂಬರ್ ಕೊನೆಗೆ.

ನನಗೆ ಆದದ್ದು ದುಃಖವಲ್ಲ, ಭಯ. ವರ್ಷಕ್ಕೆ ಆರು ತಿಂಗಳು ಇಲ್ಲಿಗೆ ಬಂದಿರಬೇಕೆಂದು ಮಗಳು ಆಸೆಪಟ್ಟಿದ್ದಳು. ಹಿತ್ತಲು ಹೋದರೆ ನನಗೆ ಉಳಿಯುವುದು ಆ ಸೋಫಾದ ತುದಿ. ಅದರ ಮೇಲೆ ಆರು ತಿಂಗಳು ಕೂರುವುದಕ್ಕೆ ನನ್ನಿಂದಾಗದು. ಮತ್ತೆ ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ. ಮನಸ್ಸಿನಲ್ಲಿ ಹೇಳಿಕೊಂಡು ಆಗಿತ್ತು.

ಒಂದು ತಿಪ್ಪೆ ಹಾಕುತ್ತೇನೆ, ಗೊಬ್ಬರವಾದ ಮೇಲೆ ನೋಡಿ ತೀರ್ಮಾನ ಮಾಡು ಎಂದೆ.

"ಅಮ್ಮ, ಯಾರಾದ್ರೂ ಬಂದಾಗ ತಿಪ್ಪೆ ಅನ್ಬೇಡ. ಕಾಂಪೋಸ್ಟ್ ಅನ್ನು" ಎಂದಳು ಸುಜಾತ. ಆಮೇಲೆ ಷರತ್ತು ಹಾಕಿದಳು. ನೆಲದ ಮೇಲೆ ಗುಡ್ಡೆ ಹಾಕಕೂಡದು, ಅಚ್ಚುಕಟ್ಟಾಗಿ ಪೆಟ್ಟಿಗೆಯಲ್ಲಿರಬೇಕು. ವಾಸನೆ ಬಂದರೆ ಅವತ್ತೇ ತೆಗೆಸುತ್ತಾಳೆ. ನಾನು ಹೊರಡುವುದರೊಳಗೆ ಕಣ್ಣಿಗೆ ಕಾಣುವಂಥದ್ದು ಏನಾದರೂ ಆಗಿರಬೇಕು. ಕಂಪನಿಯಲ್ಲಿ ಹತ್ತು ಜನರ ಮೇಲೆ ಇರುವವಳು, ಮಾತು ಹಾಗೇ ಬರುತ್ತದೆ. ಒಪ್ಪಿಕೊಂಡೆ.

ಪೆಟ್ಟಿಗೆಗೆ ಮರ ಎಲ್ಲಿಂದ ತರುವುದೆಂದು ಯೋಚನೆ ಮಾಡುತ್ತಿದ್ದಾಗ ಗಾಳಿಯೇ ತಂದುಕೊಟ್ಟಿತು. ಏಪ್ರಿಲ್‌ನ ಮೊದಲ ವಾರ ಒಂದು ಸಂಜೆ ಸುಂಟರಗಾಳಿ ಬರುತ್ತದೆಂದು ಊರಿಗೆಲ್ಲ ಸೈರನ್ ಕೂಗಿತು. ನಾವು ನಾಲ್ಕೂ ಜನ ಬಟ್ಟೆ ಇಡುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆವು. ಬೀಗರು ಪಾಸ್‌ಪೋರ್ಟಿನ ಫೈಲು ತಬ್ಬಿಕೊಂಡಿದ್ದರು. ನಿಂಬೆಹಣ್ಣಿನಷ್ಟು ಆಲಿಕಲ್ಲು ಅರ್ಧ ಗಂಟೆ ಬಡಿಯಿತು. ಹೊರಗೆ ಬಂದು ನೋಡಿದರೆ ಹಿಂದಿನ ಮರದ ಬೇಲಿ ಮಲಗಿತ್ತು. ಎರಡು ವಾರ ಬಿಟ್ಟು ಕೆಲಸದವರು ಬಂದು ಹೊಸ ಬೇಲಿ ನಿಲ್ಲಿಸಿದರು. ಹಳೆಯ ಹಲಗೆಗಳನ್ನು ಲಾರಿಗೆ ತುಂಬಲು ಹೋದಾಗ ನಾನು ಆ ರಾಶಿಯ ಮೇಲೆ ಕೂತುಬಿಟ್ಟೆ. ಅವರಿಗೆ ನನ್ನ ಮಾತು ತಿಳಿಯದು, ನನಗೆ ಅವರದು ತಿಳಿಯದು. ಕೂತದ್ದು ಅರ್ಥವಾಯಿತು. ಮುರಳಿ ಬಂದು, ಹಲಗೆ ಇಲ್ಲೇ ಬಿಟ್ಟುಹೋಗಿ ಎಂದು ಅವರಿಗೆ ಹೇಳಿದರು. ಮೇಲೆ ಬೂದಿ ಬಣ್ಣಕ್ಕೆ ತಿರುಗಿದ್ದ ಹಲಗೆ ಕುಯ್ದರೆ ಒಳಗೆ ಕೆಂಪಗೆ, ಘಮ್ಮನೆ ಇತ್ತು.

ಬೀಗರು ಸೋಫಾ ಬಿಟ್ಟು ಎದ್ದದ್ದು ಆ ದಿನ. ಹಲಗೆಗಳ ಸುತ್ತ ಎರಡು ಸುತ್ತು ಬಂದು, ಪ್ಲಾನ್ ಇಲ್ಲದೆ ಕಟ್ಟಬಾರದು ಎಂದರು. ಚೌಕಳಿ ಕಾಗದ, ಪೆನ್ಸಿಲ್ಲು, ರಬ್ಬರು ತರಿಸಿಕೊಂಡರು. ಎಷ್ಟು ಎತ್ತರ ಬೇಕೆಂದು ನನ್ನನ್ನು ಕೇಳಿದರು. ಎರಡೂವರೆ ಮೊಳ ಎಂದೆ. ಬರೆದುಕೊಂಡರು. ಹತ್ತು ದಿನ ನಕ್ಷೆ ಬರೆದರು. ಮುರಳಿ ಶನಿವಾರ ಭಾನುವಾರ ಅವರ ಕೈಕೆಳಗೆ ಕೂಲಿಯಾದರು. ಹಲಗೆ ಕುಯ್ಯುವುದು ಅಳಿಯ, ಗೆರೆ ಹಾಕುವುದು, ಗದರುವುದು ಬೀಗರು. ಆ ಕಡೆ ಬರಲು ನನ್ನನ್ನು ಬಿಡಲಿಲ್ಲ.

ಮೇ ತಿಂಗಳ ಮೊದಲಿಗೆ ಪೆಟ್ಟಿಗೆ ಎದ್ದುನಿಂತಿತು. ನೋಡಲು ಚೆಂದವಾಗಿತ್ತು, ಸುಳ್ಳು ಯಾಕೆ ಹೇಳಲಿ. ಹಲಗೆಗೆ ಹಲಗೆ ಕೂದಲು ತೂರದ ಹಾಗೆ ಜೋಡಿಸಿದ್ದರು. ತಳಕ್ಕೆ ಹಲಗೆ, ಮೇಲೆ ಕೀಲಿನ ಮುಚ್ಚಳ, ಸುತ್ತ ವಾರ್ನಿಶ್. ಸುಜಾತಳೂ ಫೋಟೋ ತೆಗೆದು ಮಗಳಿಗೆ ಕಳಿಸಿದಳು. ನಾನು ಹತ್ತಿರ ಹೋಗಿ ನಿಂತರೆ ಅದು ನನ್ನ ಗಂಟಲಿಗೆ ಬಂತು. ಗಂಡಸರ ಮೊಳದಲ್ಲಿ ಎರಡೂವರೆ ಮೊಳ, ಭದ್ರತೆಗೆ ಇನ್ನಷ್ಟು, ಕೊನೆಗೆ ನಾಲ್ಕಡಿ ಮಾಡಿದ್ದರು. ನಾನು ಇರುವುದೇ ನಾಲ್ಕು ಅಡಿ ಎಂಟು ಇಂಚು. ಕಸದ ಬಕೆಟ್ಟು ಎತ್ತಿ ಸುರಿಯಲು ಪ್ಲಾಸ್ಟಿಕ್ ಸ್ಟೂಲ್ ಹತ್ತಬೇಕು. ಒಂದು ದಿನ ಸ್ಟೂಲಿನ ಕಾಲು ಎರೆಯಲ್ಲಿ ಹೂತು, ನಾನು ಪೆಟ್ಟಿಗೆಯ ಅಂಚು ಹಿಡಿದು ಜೋತಾಡಿದೆ. ಯಾರಿಗೂ ಹೇಳಲಿಲ್ಲ. ಮನಸ್ಸಿಟ್ಟು ಕಟ್ಟಿದ್ದಾರೆ, ಇರಲಿ ಎಂದು ಸುಮ್ಮನಾದೆ. ಅದು ನನ್ನ ತಪ್ಪು. ಅಲ್ಲೇ ಬಾಯಿಬಿಟ್ಟಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಮೇ ತಿಂಗಳಲ್ಲಿ ಅಲ್ಲಿ ಮಳೆ ಸುರಿಯಿತು. ಮುಚ್ಚಳದ ಕೀಲಿನ ಸಂದಿಯಲ್ಲಿ ಒಳಗೆ ಹೋದ ನೀರು ಹೊರಗೆ ಬರಲು ದಾರಿಯಿರಲಿಲ್ಲ. ಗಾಳಿಯೂ ಇಲ್ಲ. ಒಳಗಿನ ಸೊಪ್ಪು, ಸಿಪ್ಪೆ, ಅನ್ನ ಎಲ್ಲ ಕೊಚ್ಚೆಯಾಯಿತು. ನಾಲ್ಕನೇ ದಿನ ಪಕ್ಕದ ಮನೆಯ ಲಿಂಡಾ ಬಂದು, ಬೇಲಿಯ ಹತ್ತಿರ ಏನಾದರೂ ಪ್ರಾಣಿ ಸತ್ತಿದೆಯೇ ಎಂದು ಬಹಳ ಮರ್ಯಾದೆಯಾಗಿ ವಿಚಾರಿಸಿದರು. ಸುಜಾತಳ ಮುಖ ಕೆಂಪಾಯಿತು. ಒಳಗೆ ಬಂದವಳೇ ಫೋನ್ ಹಿಡಿದು, ಕಾಂಕ್ರೀಟಿನವರು ಮುಂದಿನ ತಿಂಗಳೇ ಬರಲು ಆಗುತ್ತದೆಯೇ ಎಂದು ಕೇಳಿದಳು. ಆಲಿಕಲ್ಲು ಬಿದ್ದ ಮೇಲೆ ಎಲ್ಲರಿಗೂ ಕೆಲಸವೇ ಕೆಲಸ, ಅಕ್ಟೋಬರ್‌ಗೆ ಮುಂಚೆ ಆಗದು ಎಂದರಂತೆ. ಹಿತ್ತಲು ಉಳಿದದ್ದು ಹಾಗೆ.

ಊಟದ ಟೇಬಲ್ಲಿನಲ್ಲಿ ಬೀಗರು, ಕಸದ ಪ್ರಮಾಣ ಸರಿಯಿಲ್ಲ, ನೀರಿನ ಅಂಶ ಜಾಸ್ತಿಯಾಯಿತು ಎಂದು ಏನೋ ಹೇಳಲು ಹೊರಟರು. ನನಗೆ ತಡೆಯಲಿಲ್ಲ.

"ಬೀಗರೇ, ನೀವು ಕಟ್ಟಿರೋದು ತಿಪ್ಪೆಯಲ್ಲ, ಕಣಜ. ಕಾಳು ತುಂಬಿದ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಕೆಡಲ್ಲ. ತಿಪ್ಪೆ ಅಂದ್ರೆ ನೆಲ ಮುಟ್ಟಬೇಕು, ಉಸಿರಾಡಬೇಕು, ನನ್ನ ಕೈಗೆ ಎಟುಕಬೇಕು. ಇದರಲ್ಲಿ ಮೂರೂ ಇಲ್ಲ."

ಬೀಗರು ತಟ್ಟೆಯಲ್ಲೇ ಕೈತೊಳೆದು ಎದ್ದುಹೋದರು. ಎರಡು ದಿನ ಸೋಫಾದ ತುದಿ ಬಿಟ್ಟು ಏಳಲಿಲ್ಲ. ಅಮ್ಮ ಹೋದ ಮೇಲೆ ಅಪ್ಪ ಪೆನ್ಸಿಲ್ ಹಿಡಿದದ್ದೇ ಇದಕ್ಕೆ ಅತ್ತೆ ಎಂದು ಮುರಳಿ ನನ್ನ ಹತ್ತಿರ ಮೆಲ್ಲಗೆ ಹೇಳಿದರು. ಪಾಪ ಎನಿಸಿತು. ಆದರೆ ಪಾಪ ಎಂದರೆ ಕೊಚ್ಚೆ ಗೊಬ್ಬರವಾಗುತ್ತದೆಯೇ? ತಪ್ಪು ತಪ್ಪೇ. ನಾನು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಪೆಟ್ಟಿಗೆಯ ಕೆಳಗಿನ ಹಲಗೆ ಕಿತ್ತು ಕೊಚ್ಚೆಯನ್ನು ಹೊರಗೆಳೆದು ಹಿತ್ತಲ ಮೂಲೆಯಲ್ಲಿ ಗುಂಡಿ ತೋಡಿ ಮುಚ್ಚಿದೆ. ಒಂದು ಹೊತ್ತು ಹಿಡಿಯಿತು.

ಮೂರನೇ ದಿನ ಬೆಳಿಗ್ಗೆ ಬೀಗರು ಇಸ್ತ್ರಿಯಿಲ್ಲದ ಅಂಗಿ ಹಾಕಿಕೊಂಡು ಹಿತ್ತಲಿಗೆ ಬಂದರು. ಕೈಯಲ್ಲಿ ಒಂದು ಹಲಗೆ, ಕಿವಿಯ ಮೇಲೆ ಪೆನ್ಸಿಲ್ಲು.

"ತಿಪ್ಪಮ್ಮನವರೇ, ನಿಮ್ಮ ಮೊಳ ಎಷ್ಟು?"

"ಮೊಳ ಅಂದ್ರೆ ಮೊಳ. ಮೊಣಕೈಯಿಂದ ಬೆರಳ ತುದಿಗೆ."

"ಅದು ಗೊತ್ತು. ಯಾರ ಮೊಣಕೈ ಅಂತ ನಾನು ಕೇಳಲಿಲ್ಲ. ತಪ್ಪಾಗಿದ್ದು ಅಲ್ಲಿ."

ಬೀಗರು ಬೀಗಿತ್ತಿಯ ಕೈ ಹಿಡಿದು ಅಳೆಯುವುದುಂಟೇ? ಅವರು ಹಲಗೆಯನ್ನು ನೆಲಕ್ಕಿಟ್ಟು ಮುಖ ಬೇರೆ ಕಡೆ ತಿರುಗಿಸಿಕೊಂಡು ನಿಂತರು. ನಾನು ಕುಕ್ಕರಗಾಲಲ್ಲಿ ಕೂತು, ಬಳೆ ಮೇಲಕ್ಕೆ ಸರಿಸಿ, ಮೊಣಕೈ ಊರಿ ಕೈ ಚಾಚಿ, ನಾನೇ ಪೆನ್ಸಿಲ್ಲಿನಲ್ಲಿ ಎರಡು ಕಡೆ ಗೀಟು ಹಾಕಿದೆ. ಅವರು ಟೇಪು ಹಿಡಿದರು. ಹದಿನೈದೂಕಾಲು ಇಂಚು. ತಮ್ಮ ಕೈ ಇಟ್ಟು ನೋಡಿದರು, ಹತ್ತೊಂಬತ್ತು. ಸರ್ಕಾರದಲ್ಲಿ ಮೂವತ್ತು ವರ್ಷ ಅಳೆದೆ, ಯಾರಿಗಾಗಿ ಅಂತ ಕೇಳಿಯೇ ಇರಲಿಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆ ಗೀಟಿಗೆ ಹಲಗೆ ಕುಯ್ದು ಒಂದು ಅಳತೆಕೋಲು ಮಾಡಿದರು. ಮುಂದಿನ ಕೆಲಸವೆಲ್ಲ ಅದರಲ್ಲೇ ನಡೆಯಿತು. ಟೇಪು ಡಬ್ಬಿಗೆ ಹೋಯಿತು.

ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆವು. ಈ ಸಲ ನಾನೂ ಕೂತೆ. ಹಳೆಯ ಬೇಲಿಯ ಕಂಬಗಳನ್ನು ನೆಲದಲ್ಲಿ ಹೂತು ಮೂರು ಅಂಕಣ ಮಾಡಿದೆವು. ನಮ್ಮಲ್ಲಿ ಮೂರಂಕಣದ ಮನೆ ಎನ್ನುತ್ತಾರಲ್ಲ, ಹಾಗೆ ಮೂರಂಕಣದ ತಿಪ್ಪೆ. ಮೊದಲನೆಯದರಲ್ಲಿ ಹೊಸ ಕಸ, ಎರಡನೆಯದರಲ್ಲಿ ಮಗುಚಿದ್ದು, ಮೂರನೆಯದರಲ್ಲಿ ಮಾಗುವುದು. ತಳವಿಲ್ಲ. ಹಲಗೆಗೂ ಹಲಗೆಗೂ ನಡುವೆ ಒಂದು ಬೆರಳು ಸಂದಿ. ಯಾರ ಬೆರಳು ಎಂದು ಬೀಗರು ಕೇಳಿದರು, ಈ ಸಲ ತಮಾಷೆಗೆ. ಎದುರಿನ ಹಲಗೆಗಳಿಗೆ ಅವರು ಒಂದು ಉಪಾಯ ಹೂಡಿದ್ದರು, ಅದನ್ನು ಮೆಚ್ಚಲೇಬೇಕು. ಕಂಬಗಳಿಗೆ ಜೋಡಿ ಪಟ್ಟಿ ಹೊಡೆದು ನಡುವೆ ಹಲಗೆ ಜಾರುವಷ್ಟು ಸಂದು ಬಿಟ್ಟಿದ್ದರು. ಹಲಗೆಗಳನ್ನು ಒಂದೊಂದಾಗಿ ಮೇಲಿನಿಂದ ಇಳಿಬಿಡಬಹುದು, ಬೇಡವೆಂದರೆ ಎತ್ತಿ ತೆಗೆಯಬಹುದು. ನೆಲದೊಳಗೆ ಕಾಳು ತುಂಬಿಡುವ ಹಗೇವಿನಂತೆ ಮೇಲಿನಿಂದ ಬಗ್ಗಬೇಕಿಲ್ಲ, ಎದುರಿನಿಂದಲೇ ಎಳೆದುಕೊಳ್ಳಬಹುದು.

ಇನ್ನು ತುಂಬಿಸಬೇಕು. ಬೀದಿಯಲ್ಲಿ ಜನ ಓಕ್ ಮರದ ತರಗೆಲೆಯನ್ನು ಕಾಗದದ ಚೀಲಗಳಲ್ಲಿ ತುಂಬಿ ಹೊರಗಿಟ್ಟಿರುತ್ತಿದ್ದರು. ಬೀಗರು ವಾಕಿಂಗ್ ಹೋದಾಗಲೆಲ್ಲ ಒಂದೊಂದು ಎತ್ತಿಕೊಂಡು ಬರಲು ಶುರುಮಾಡಿದರು. ಮುರಳಿ ಕಾಫಿ ಅಂಗಡಿಯಿಂದ ಚರಟ ತಂದರು. ಸಗಣಿ ಮಾತ್ರ ಇಲ್ಲ. ಸಗಣಿಯಿಲ್ಲದೆ ಕಾವು ಹಿಡಿಯುವುದು ತಡ, ನನಗೆ ತಡ ಮಾಡುವಷ್ಟು ದಿನವಿಲ್ಲ. ಜೂನ್‌ನಲ್ಲಿ ಸೌತ್‌ಲೇಕ್‌ನ ರಿಟೈರ್ಡ್ ಡಾಕ್ಟರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆಗೆ ಕರೆದಿದ್ದರು. ಅವರ ಹಿತ್ತಲಿನಾಚೆ ನಾಲ್ಕು ಕುದುರೆ ಮೇಯುತ್ತಿದ್ದವು. ನಾನು ಪ್ರಸಾದದ ದೊನ್ನೆ ಹಿಡಿದುಕೊಂಡೇ ಡಾಕ್ಟರನ್ನು ಕೇಳಿದೆ, ಕುದುರೆಯವರು ಆ ಲದ್ದಿ ಏನು ಮಾಡುತ್ತಾರೆ ಎಂದು. ಅವರು ನಕ್ಕು, ತೊಗೊಂಡು ಹೋದ್ರೆ ಪುಣ್ಯ ಅಂತಾರಮ್ಮ ಎಂದರು. ರೇಷ್ಮೆ ಸೀರೆಯುಟ್ಟ ಮಗಳು ಮುಂದಿನ ಸೀಟಿನಲ್ಲಿ, ಹಿಂದೆ ಡಿಕ್ಕಿಯಲ್ಲಿ ಆರು ಚೀಲ ಲದ್ದಿ. ಆ ಬಿಸಿಲಿನಲ್ಲಿ ಕಿಟಕಿ ಇಳಿಸಿಕೊಂಡು ಮನೆಗೆ ಬಂದೆವು. ಸುಜಾತ ದಾರಿಯುದ್ದಕ್ಕೂ ಮೂಗಿಗೆ ಸೆರಗು ಹಿಡಿದಿದ್ದಳು. ಡಾಕ್ಟರ್ ಹೆಂಡತಿಗೆ ಮುಖ ಹೇಗೆ ತೋರಿಸಲಿ ಎಂದು ಮನೆಗೆ ಬಂದ ಮೇಲೆ ಕೇಳಿದಳು. ಇರುವ ಮುಖವನ್ನೇ ತೋರಿಸು ಎಂದೆ.

ತರಗು ಒಂದು ಪದರ, ಲದ್ದಿ ಒಂದು ಪದರ, ಅಡಿಗೆಮನೆಯದ್ದು ಒಂದು ಪದರ, ಮೇಲೆ ಮಣ್ಣು. ವಾರ ಕಳೆದು ಕಬ್ಬಿಣದ ಸಲಾಕೆ ಚುಚ್ಚಿಟ್ಟು ಎಳೆದು ಹಿಡಿದರೆ ಅಂಗೈ ಚುರ್ ಎಂದಿತು. ಬೀಗರ ಕೈಗೂ ಕೊಟ್ಟೆ. ಅವರು ಬಿಟ್ಟು ಕೈ ಕೊಡವಿಕೊಂಡರು. ಬೇಲಿಯ ಹತ್ತಿರ ನಿಂತರೂ ವಾಸನೆಯಿಲ್ಲ. ಸುಜಾತ ಕಾಣದ ಹಾಗೆ ಬಂದು ಮೂಸಿ ಹೋಗುತ್ತಿದ್ದಳು, ನಾನು ಕಾಣದ ಹಾಗೆ ನೋಡುತ್ತಿದ್ದೆ.

ಜುಲೈ, ಆಗಸ್ಟ್ ಬಿಸಿಲು ಹೇಗಿತ್ತೆಂದರೆ ಬೆಳಿಗ್ಗೆ ಎಂಟಕ್ಕೆ ಬಾಗಿಲ ಹಿಡಿ ಮುಟ್ಟಿದರೆ ಸುಡುತ್ತಿತ್ತು. ಬೆಳಕು ಹರಿಯುವ ಹೊತ್ತಿಗೇ ಎದ್ದು ನಾವಿಬ್ಬರು ಮಗುಚುತ್ತಿದ್ದೆವು. ನಾನು ಹಲಗೆ ಎತ್ತಿ ಕೆಳಗಿಂದ ಎಳೆದರೆ ಬೀಗರು ಫೋರ್ಕಿನಲ್ಲಿ ಪಕ್ಕದ ಅಂಕಣಕ್ಕೆ ಎಸೆಯುವರು. ಹಬೆ ಏಳುತ್ತಿತ್ತು. ಒಣಗದಂತೆ ದಿನವೂ ನೀರು ಚಿಮುಕಿಸಬೇಕಿತ್ತು. ಬೀಗರು ಸಂಜೆ ಪಾಯಕ್ಕೆ ಬಿಡುವ ನೀರಿನಲ್ಲಿ ಅರ್ಧ ಗಂಟೆ ತಿಪ್ಪೆಗೆ ತಿರುಗಿಸಿದರು. ಗೋಡೆ ಬಿರಿದರೆ ನಾನು ಜವಾಬ್ದಾರಳಲ್ಲ ಎಂದೆ. ಗೋಡೆ ಬಿಡಿ, ಸಿಮೆಂಟ್ ಹಾಕಬಹುದು ಎಂದರು. ಮಾತಿಗೆ ಕೂತರೆ ಅವರು ಕಟ್ಟಿಸಿದ ಸೇತುವೆ, ನಾನು ಕಳೆ ಕಿತ್ತ ಹೊಲ. ಇಬ್ಬರಿಗೂ ಕೇಳುವ ಕಿವಿ ಇನ್ನೊಂದು ಇರಲಿಲ್ಲ.

ಆಗಸ್ಟ್ ಮೂರನೇ ವಾರ ಮೂರನೇ ಅಂಕಣದ ತಳ ಕೆದಕಿದೆ. ಕಪ್ಪಗೆ, ಪುಡಿಪುಡಿ. ಅದರಲ್ಲಿ ಎಲೆ ಯಾವುದು ಲದ್ದಿ ಯಾವುದು ಗೊತ್ತಾಗುವಂತಿರಲಿಲ್ಲ. ಜರಡಿ ಹಿಡಿದು ಆರು ಬಕೆಟ್ಟು ತೆಗೆದೆ. ಕಣ್ಣಿಗೆ ಕಾಣಬೇಕು ಎಂದಿದ್ದಳಲ್ಲ ಮಗಳು, ಅದಕ್ಕೆ ಅಡಿಗೆಮನೆ ಕಿಟಕಿಯ ನೇರಕ್ಕೆ ಅಕ್ಕಪಕ್ಕ ಎರಡು ಮಡಿ ಮಾಡಿದೆ. ಒಂದಕ್ಕೆ ಗೊಬ್ಬರ, ಇನ್ನೊಂದು ಬರಿ ಎರೆ. ಎರಡಕ್ಕೂ ಒಂದೇ ಪೊಟ್ಟಣದ ಹರಿವೆ ಬೀಜ, ಒಂದೇ ನೀರು. ಅವಳು ದಿನಾ ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತು ನೋಡಲಿ ಎಂದು ಬಿಟ್ಟೆ. ಬರಿ ಎರೆಯಲ್ಲಿ ಹುಟ್ಟಿದ ಹತ್ತಾರು ಸಸಿ ಬೆರಳುದ್ದಕ್ಕೆ ನಿಂತು ಹಳದಿಯಾದವು. ಇನ್ನೊಂದು ಮಡಿಯಲ್ಲಿ ಕೈಯಿಡಲು ಜಾಗವಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ, ನಾನು ಹೊರಡಲು ಹತ್ತು ದಿನವಿರುವಾಗ, ಒಂದು ಭಾನುವಾರ ಸುಜಾತ ತಾನೇ ಚಾಕು ಹಿಡಿದು ಹಿತ್ತಲಿಗೆ ಇಳಿದಳು. ಕೆಸರು ಕಾಲಿನಲ್ಲೇ ಒಳಗೆ ಬಂದಳು. ತೊಗರಿಬೇಳೆ ಜೊತೆ ಹರಿವೆ ಬೇಯಿಸಿ ಬಸಿದು ಬಸ್ಸಾರು ಮಾಡಿದಳು, ಪಲ್ಯಕ್ಕೆ ಒಗ್ಗರಣೆ ಹಾಕಿದಳು. ರಾಗಿ ಮುದ್ದೆ ನಾನು ತಿರುವಿದೆ. ನಾಲ್ಕು ಜನ ಊಟಕ್ಕೆ ಕೂತೆವು. ಬಸ್ಸಾರಿಗೆ ಉಪ್ಪು ಒಂದು ಕಲ್ಲು ಕಡಿಮೆಯಿತ್ತು, ಹೇಳಿದೆ. ಅವಳು ಮುದ್ದೆ ಮುರಿಯುತ್ತ, ಕಾಂಕ್ರೀಟಿನವರಿಗೆ ಫೋನ್ ಮಾಡಿದ್ದೆ ಎಂದಳು.

"ಬಾಗಿಲ ಹತ್ರ ನಾಲ್ಕು ಕುರ್ಚಿ ಹಿಡಿಯೋಷ್ಟು ಹಾಕಿದ್ರೆ ಸಾಕು ಅಂದೆ."

"ಮಿಕ್ಕಿದ್ದು?"

"ಮಿಕ್ಕಿದ್ದು ಹಾಗೇ ಇರುತ್ತೆ. ನೀನು ಬರೋವರೆಗೂ ಮಾವ ಮಗುಚ್ತಾರಂತೆ."

ಬೀಗರ ಮುಖ ನೋಡಿದೆ. ಅವರು ಬಸ್ಸಾರಿನಲ್ಲಿ ಏನೋ ಹುಡುಕುತ್ತಿದ್ದರು. ನಾನು ಮತ್ತೆ ಬರುತ್ತೇನೆಯೇ ಎಂದು ಅಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ, ತಾವೇ ತೀರ್ಮಾನ ಮಾಡಿಕೊಂಡಿದ್ದರು. ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದೆ.

"ಮಾರ್ಚ್ ಕೊನೆ ಅಂದ್ರೆ ಬಿತ್ತನೆಗೆ ತಡ" ಎಂದೆ. "ಫೆಬ್ರವರಿಗೇ ಟಿಕೆಟ್ ಮಾಡು."

ಇನ್ನೊಂದು ಮುದ್ದೆ ಹಾಕಿಸಿಕೊಂಡೆ.